ಓಟ ಶುರುವಾಗಬೇಕಾದ್ದು ಪ್ರಥಮ ಪಿಯುನಲ್ಲಿ

ಮಾನ್ಯ ಸಂಪಾದಕರೇ,

ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ (ಎನ್‌ಡಿಎ) ಮೊದಲ 17 ಯುವತಿಯರು 2025ರ ಮೇ 30ರಂದು ತರಬೇತಿ ಮುಗಿಸಿ ಹೊರಬಂದರು. ಸೇನೆಯ ಕಾಲಾಳು ಪಡೆ, ಟ್ಯಾಂಕ್ ದಳಗಳ ಬಾಗಿಲು ಮಹಿಳೆಯರಿಗೆ ಇನ್ನೂ ತೆರೆದಿಲ್ಲ, ಆ ಮಾತು ಬೇರೆ. ಎನ್‌ಡಿಎ ಪ್ರವೇಶ ಪರೀಕ್ಷೆ ಬರೆಯುವ ಹುಡುಗಿಯರಿಗೆ ನಮ್ಮಲ್ಲಿ ಹೇಳಿಕೊಡುವುದು 300 ಅಂಕದ ಗಣಿತ, 600 ಅಂಕದ ಸಾಮಾನ್ಯ ಸಾಮರ್ಥ್ಯ ಪತ್ರಿಕೆ, ಅಷ್ಟೇ. ಓಟದ ನೆನಪಾಗುವುದು ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಎಡವಟ್ಟಾಗುವುದು ಅಲ್ಲೇ.

ಎರಡು ವರ್ಷ ಪುಸ್ತಕ ಹಿಡಿದು ಕೂತವಳು ಒಮ್ಮೆಲೇ ದಿನಕ್ಕೆ ಐದು ಕಿ.ಮೀ. ಡಾಂಬರಿನ ಮೇಲೆ ಓಡತೊಡಗಿದರೆ ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ, ಎಲುಬು ಬರುವುದಿಲ್ಲ. ಹೊಸ ಭಾರ ಬಿದ್ದಾಗ ಎಲುಬು ಮೊದಲು ಸವೆದು, ಆಮೇಲೆ ಗಟ್ಟಿಯಾಗುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗಿದರೆ ಹೆಬ್ಬೆರಳಲ್ಲಿ ಒತ್ತಿ ನೋಡಿ. ಒಳಅಂಚಿನುದ್ದಕ್ಕೂ ನಾಲ್ಕೈದು ಬೆರಳಗಲ ನೋವಿದ್ದರೆ ಸಾಮಾನ್ಯವಾಗಿ ವಿಶ್ರಾಂತಿಯಿಂದ ಇಳಿಯುತ್ತದೆ. ನಾಣ್ಯದಷ್ಟು ಜಾಗದಲ್ಲೇ ಚುಚ್ಚುತ್ತಿದ್ದರೆ, ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕಿನ ಶಂಕೆ. ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ಸರಿಯಿದೆ, ಓಡು’ ಎಂದು ಅಟ್ಟಿದರೆ ಆರೆಂಟು ವಾರಗಳಲ್ಲಿ ಮಾಯಬೇಕಾದ್ದು ಪೂರ್ತಿ ಮುರಿದೀತು.

ಹುಡುಗಿಯರಿಗೆ ಈ ಅಪಾಯ ಹೆಚ್ಚು. ಎಲುಬು ಸಪೂರ, ಜತೆಗೆ ರಕ್ತಹೀನತೆ, ತೂಕ ಇಳಿಸಲು ಊಟ ಬಿಡುವ ಚಾಳಿ. ಮುಟ್ಟು ನಿಂತರೆ ಓಟದಿಂದ ಹಾಗೆ ಎಂದು ಸುಮ್ಮನಾಗುತ್ತಾರೆ. ಆ ದುಡಿಮೆಗೆ ಊಟ ಸಾಲುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು. ಎನ್‌ಸಿಸಿಯವರೂ ಗಮನಿಸಲಿ: ಕವಾಯತಿನ ಹೆಜ್ಜೆ 30 ಅಂಗುಲ. 152 ಸೆಂ.ಮೀ. ಎತ್ತರದವಳು ಉದ್ದಕಾಲಿನವರ ಸಾಲಿನಲ್ಲಿ ದಿನವೂ ಅಷ್ಟು ಚಾಚಿ ನಡೆದರೆ ಸೊಂಟದ ಎಲುಬಿಗೇ ಪೆಟ್ಟು.

ಪ್ರಥಮ ಪಿಯು ಜೂನ್‌ನಲ್ಲೇ ಆರಂಭಿಸಿದರೆ ಅವಸರವಿಲ್ಲ. ವಾರಕ್ಕೆ ಮೂರು ದಿನ, ಮಣ್ಣಿನ ಮೈದಾನ, ಹಿಮ್ಮಡಿ ಜಾರದ ಶೂ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು 20 ನಿಮಿಷ. ವಾರದಿಂದ ವಾರಕ್ಕೆ ಹತ್ತರಲ್ಲೊಂದು ಪಾಲು ಮಾತ್ರ ಏರಿಸಿ, ನಾಲ್ಕನೇ ವಾರ ಇಳಿಸಿ. ಕೊನೆಗೆ ಐದು ನಿಮಿಷ, ನಡುನಡುವೆ ಬಿಡುವು ಕೊಟ್ಟು, ಕಂಬಿ ಹಿಡಿದು ನೇತಾಡಲಿ. ಮುಂದೆ ತರಬೇತಿಯಲ್ಲಿ ಹಗ್ಗ ಏರುವಾಗ ಮೊದಲು ಸೋಲುವುದು ಕೈಯ ಹಿಡಿತ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣದ ಮಾತ್ರೆ, ಅದರ ಜತೆ ಚಹಾ ಬೇಡ.

ಸಂಜೆ ಮೈದಾನವನ್ನು ಹುಡುಗರ ಕ್ರಿಕೆಟ್‌ಗೆ ಬಿಟ್ಟಿರುವ ಕಾಲೇಜುಗಳು ವಾರಕ್ಕೆ ಮೂರು ದಿನ ಅರ್ಧ ಗಂಟೆ ಹುಡುಗಿಯರಿಗೆ ಕೊಡಲಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

– ನಿವೃತ್ತ ದೈಹಿಕ ಶಿಕ್ಷಣ ಉಪನ್ಯಾಸಕರು, ಧಾರವಾಡ