ಮೂಲೆಯ ಅಂಡಾಕಾರಕ್ಕೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ರೇಡಿಯೊ ಜೆಟ್‌ಗಳ, ಅಂದರೆ ಆಕಾಶಕಾಯಗಳಿಂದ ಚಿಮ್ಮಿ ರೇಡಿಯೊ ಅಲೆ ಸೂಸುವ ಕಿರಿದಾದ ಧಾರೆಗಳ ಬಗ್ಗೆ ಬಂದ ಬರಹ ಓದಿದೆವು. ಗ್ಯಾಲಕ್ಸಿಯೊಂದರ ಜೆಟ್ಟನ್ನೂ ಎಳೆಯ ನಕ್ಷತ್ರವೊಂದರ ಜೆಟ್ಟನ್ನೂ ಅಕ್ಕಪಕ್ಕ ಅಚ್ಚು ಹಾಕಿ, ಕೆಳಗೆ ‘ದೂರದರ್ಶಕ ತೆಗೆದ ಫೋಟೊ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪ, ಆ ಬಗ್ಗೆ ಸಂತೋಷ. ಆದರೆ ರೇಡಿಯೊ ಚಿತ್ರಗಳ ಕೆಳಮೂಲೆಯಲ್ಲಿ ಇರುವ ಪುಟ್ಟ ಅಂಡಾಕಾರ ಎರಡರಲ್ಲೂ ಕಾಣೆಯಾಗಿತ್ತು. ಪುಟ ಕಟ್ಟುವಾಗ ಯಾವುದೋ ಕಲೆ ಎಂದುಕೊಂಡು ಕತ್ತರಿಸಿರಬಹುದು.

ಅದು ಕಲೆಯಲ್ಲ, ಬೀಮ್, ಅಂದರೆ ದೂರದರ್ಶಕದ ನೋಟ ಎಷ್ಟು ಸೂಕ್ಷ್ಮ ಎಂಬುದರ ಅಳತೆ. ಅದಕ್ಕಿಂತ ಸಣ್ಣದಾದ ಯಾವ ವಿವರವನ್ನೂ ಆ ಚಿತ್ರದಲ್ಲಿ ನಂಬುವಂತಿಲ್ಲ. ತರಂಗದೂರವನ್ನು ಆಂಟೆನಾಗಳ ನಡುವಿನ ಅತಿ ಹೆಚ್ಚಿನ ಅಂತರದಿಂದ ಭಾಗಿಸಿದರೆ ಬೀಮಿನ ಅಗಲ ಹೆಚ್ಚುಕಡಿಮೆ ಸಿಗುತ್ತದೆ. ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಡಿಶ್‌ಗಳಿವೆ. 14 ನಡುವೆ ಒತ್ತಾಗಿ, 16 ಮೂರು ತೋಳುಗಳಲ್ಲಿ ಚಾಚಿಕೊಂಡು. ಅತಿ ದೂರದ ಜೋಡಿಯ ಅಂತರ ಸುಮಾರು 25 ಕಿ.ಮೀ. ಹಾಗಾಗಿ 1,400 ಮೆಗಾಹರ್ಟ್ಸ್‌ನಲ್ಲಿ ಬೀಮ್ ಸುಮಾರು 2 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), 400ಕ್ಕೆ ಇಳಿದರೆ 6. ಕ್ಯಾಮೆರಾ ಎಲ್ಲೂ ಇಲ್ಲ. 30 ಡಿಶ್‌ಗಳಿಂದ ಆಗುವ 435 ಜೋಡಿಗಳ ಸಂಕೇತಗಳನ್ನು ಒಂದಕ್ಕೊಂದು ತಾಳೆ ನೋಡಿ, ಲೆಕ್ಕ ಹಾಕಿ ಚಿತ್ರ ಕಟ್ಟುತ್ತಾರೆ. ಕೆಂಪು, ಹಳದಿ ಬಣ್ಣಗಳು ಕಂಪ್ಯೂಟರ್ ಮುಂದೆ ಕೂತವರ ಆಯ್ಕೆ. ‘ನಕ್ಷತ್ರದ ಸದ್ದು ಕೇಳುವ ದೂರದರ್ಶಕ’ ಎಂಬ ಉಪಶೀರ್ಷಿಕೆಯೂ ಸರಿಯಲ್ಲ, ರೇಡಿಯೊ ಅಲೆ ಬೆಳಕಿನ ಜಾತಿಯದು.

ಇದಕ್ಕಿಂತ ದೊಡ್ಡ ತಪ್ಪು, ಎರಡೂ ಜೆಟ್‌ಗಳು ಒಂದೇ ಕಾರಣಕ್ಕೆ ಒಂದು ಪಕ್ಕಕ್ಕೆ ಮಾತ್ರ ಕಾಣುತ್ತವೆ ಎಂದದ್ದು. ಎಂ87 ಗ್ಯಾಲಕ್ಸಿಯಿಂದ ಹೊರಟ ನೆಟ್ಟನೆಯ ಗೆರೆಯನ್ನು 1918ರಲ್ಲೇ ಅಮೆರಿಕದ ಖಗೋಳಜ್ಞ ಹೀಬರ್ ಕರ್ಟಿಸ್ ಗುರುತಿಸಿದ್ದರು. ಅದಕ್ಕೆ ವಿರುದ್ಧ ದಿಕ್ಕಿನ ಜೆಟ್ ಸುಲಭಕ್ಕೆ ಕಾಣುವುದಿಲ್ಲ. ಜೆಟ್ಟು ಬೆಳಕಿನ ವೇಗದ ಶೇ 99ರಷ್ಟು ವೇಗದಲ್ಲಿ, ನಮ್ಮ ನೋಟಕ್ಕೆ 10 ಡಿಗ್ರಿ ಓರೆಯಾಗಿ ಬರುತ್ತಿದೆ ಅಂತಿಟ್ಟುಕೊಳ್ಳಿ. ನಮ್ಮತ್ತ ಬರುವ ಪಕ್ಕ, ಆಚೆ ಹೋಗುವ ಪಕ್ಕಕ್ಕಿಂತ ಲಕ್ಷಪಟ್ಟಿಗೂ ಹೆಚ್ಚು ಪ್ರಖರವಾಗಿ ಕಾಣುತ್ತದೆ. ಅದೇ ಕೋನದಲ್ಲಿ ಜೆಟ್ಟಿನೊಳಗಿನ ಪ್ರಖರ ಗಂಟುಗಳು ಬೆಳಕಿನ ಏಳು ಪಟ್ಟು ವೇಗದಲ್ಲಿ ಸರಿದಂತೆಯೂ ತೋರುತ್ತವೆ. ನಿಜದಲ್ಲಿ ಯಾವುದೂ ಬೆಳಕನ್ನು ಹಿಂದೆ ಹಾಕಿರುವುದಿಲ್ಲ. ಎಳೆಯ ನಕ್ಷತ್ರದ ಜೆಟ್ಟಿನ ವೇಗವಾದರೋ ಸೆಕೆಂಡಿಗೆ ಕೆಲವು ನೂರು ಕಿ.ಮೀ., ತೀರಾ ಹೆಚ್ಚೆಂದರೆ ಸಾವಿರದ ಆಸುಪಾಸು. ಅದು ನೇರ ನಮ್ಮ ಕಡೆಗೇ ಬಂದರೂ ಎರಡು ಪಕ್ಕಗಳ ಪ್ರಖರತೆಯಲ್ಲಿ ಶೇ 2ರಷ್ಟೂ ವ್ಯತ್ಯಾಸವಾಗದು. ಅಲ್ಲಿ ಒಂದು ಪಕ್ಕ ಮರೆಯಾಗುವುದು ಬೆಳಕಿನ ಚಿತ್ರಗಳಲ್ಲಿ, ಅದೂ ಬಹುಪಾಲು ಅಡ್ಡ ನಿಂತ ದೂಳಿನಿಂದ. ರೇಡಿಯೊ ಅಲೆ ಆ ದೂಳನ್ನು ಹಾದು ಬರುತ್ತದೆ. ರೇಡಿಯೊದಲ್ಲಿ ನೋಡುವುದೇ ಅದಕ್ಕಾಗಿ.

ಹೊಳಪಿನ ಮೂಲವೂ ಬೇರೆ. ಗ್ಯಾಲಕ್ಸಿ ಜೆಟ್‌ಗಳಲ್ಲಿ, ಬೆಳಕಿನ ವೇಗದ ಹತ್ತಿರಕ್ಕೆ ಹೋದ ಇಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಸಿಂಕ್ರೊಟ್ರಾನ್ ವಿಕಿರಣ ಸೂಸುತ್ತವೆ. ಕಂಪನಾಂಕ ಏರಿದಂತೆ ಅದು ಕುಂದುತ್ತದೆ. ಎಳೆಯ ನಕ್ಷತ್ರದ ಬುಡದಲ್ಲಿ ಸಾಮಾನ್ಯವಾಗಿ ಬಿಸಿ ಅನಿಲದ್ದೇ ಹೊಳಪು. ಕಂಪನಾಂಕ ಏರಿದಂತೆ ಅದು ಹೆಚ್ಚುತ್ತದೆ. 1,400 ಮೆಗಾಹರ್ಟ್ಸ್‌ನಲ್ಲಿ 1 ಮಿಲಿಜಾನ್ಸ್ಕಿ (ರೇಡಿಯೊ ಪ್ರಖರತೆಯ ಮಾನ) ಇರುವ ಜೆಟ್ಟು ಬಿಸಿ ಅನಿಲದ ಮಾದರಿಯದಾದರೆ 400ರಲ್ಲಿ ಅರ್ಧಕ್ಕಿಂತ ಕಡಿಮೆ, ಸುಮಾರು 0.47. ಸಿಂಕ್ರೊಟ್ರಾನ್ ಆದರೆ 2.4. ಎರಡು ಕಂಪನಾಂಕ ಬೇಕಾಗುವುದು ಈ ಕಾರಣಕ್ಕೆ, ಅವು ದೂರ ದೂರವೂ ಇರಬೇಕು. ಪ್ರತಿ ಅಳತೆಯಲ್ಲಿ ಶೇ 10ರ ದೋಷವಿದ್ದರೆ 400–1,400ರ ಜೋಡಿಯಲ್ಲಿ ಇಳಿಜಾರಿನ (ಕಂಪನಾಂಕದೊಂದಿಗೆ ಹೊಳಪು ಏರಿಳಿಯುವ ದರದ) ಅನಿಶ್ಚಿತತೆ 0.11, 1,300–1,400ರ ಜೋಡಿಯಲ್ಲಿ ಅದು 1.9ಕ್ಕೆ ಹೋಗುತ್ತದೆ. ಬಿಸಿ ಅನಿಲದ ಇಳಿಜಾರು +0.6, ಸಿಂಕ್ರೊಟ್ರಾನಿನದು –0.7. 1.9ರ ದೋಷದಲ್ಲಿ ಏನು ಬೇಕಾದರೂ ಹೇಳಬಹುದು.

ಎರಡು ಕಂಪನಾಂಕಗಳ ಚಿತ್ರಗಳನ್ನು ಹಾಗೇ ಒಂದರಿಂದೊಂದು ಭಾಗಿಸಿದರೂ ಮೋಸ ಹೋಗುತ್ತೇವೆ. ಜಿಎಂಆರ್‌ಟಿಯ ಅತಿ ಹತ್ತಿರದ ಜೋಡಿಯ ಅಂತರ ಸುಮಾರು 100 ಮೀಟರ್. ತರಂಗದೂರದ ಲೆಕ್ಕದಲ್ಲಿ ಅದು 400ರಲ್ಲಿ 133, 1,400ರಲ್ಲಿ 467. ಆದ್ದರಿಂದ 1,400ರ ವೀಕ್ಷಣೆಗೆ ಸುಮಾರು 7 ಆರ್ಕ್‌ಮಿನಿಟ್‌ಗಿಂತ (60 ಆರ್ಕ್‌ಸೆಕೆಂಡ್‌ಗೆ ಒಂದು ಆರ್ಕ್‌ಮಿನಿಟ್) ಅಗಲವಾಗಿ ಹರಡಿದ ಹೊಳಪು ಸಿಗುವುದೇ ಇಲ್ಲ, 400ರದಕ್ಕೆ ಸಿಗುತ್ತದೆ. ಭಾಗಿಸಿದಾಗ ಬಿಸಿ ಅನಿಲವೂ ಸಿಂಕ್ರೊಟ್ರಾನ್ ವೇಷ ಹಾಕಿ ಬರುತ್ತದೆ. ಇದಕ್ಕೆ ಮದ್ದು: ಎರಡೂ ದತ್ತಾಂಶಗಳಲ್ಲಿ 467ರಿಂದ 33,000 ತರಂಗದೂರದವರೆಗಿನ ಜೋಡಿಗಳನ್ನಷ್ಟೇ ಇಟ್ಟುಕೊಂಡು, ಎರಡೂ ಚಿತ್ರಗಳನ್ನು ಒಂದೇ ಬೀಮಿಗೆ ಮಸುಕಾಗಿಸಿ, ಡಿಶ್‌ನ ನೋಟದ ಅಂಚಿನಲ್ಲಿ ಹೊಳಪು ಕುಗ್ಗಿ ಕಾಣುವುದನ್ನು ಸರಿಪಡಿಸಿ, ಆಮೇಲೆ ಭಾಗಿಸುವುದು. ಅದಕ್ಕೂ ಮುಂಚೆ, ಪ್ರಖರತೆಯ ಮಾಪನಕ್ಕೆ ಹೊಳಪು ಮೊದಲೇ ಗೊತ್ತಿರುವ 3ಸಿ 286 ಅಥವಾ 3ಸಿ 48 ಎಂಬ ರೇಡಿಯೊ ಮೂಲವನ್ನು ಆರಂಭದಲ್ಲೂ ಕೊನೆಯಲ್ಲೂ ನೋಡಬೇಕು. ಗುರಿಯ ಹತ್ತಿರದ ಮೂಲವೊಂದನ್ನು ಅರ್ಧ ಗಂಟೆಗೊಮ್ಮೆ ಐದೈದು ನಿಮಿಷ ನೋಡಿ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಕೆಡಿಸುವ ಅಲೆಯ ಹಂತವನ್ನು (ಏರಿಳಿತದ ಹೊಂದಾಣಿಕೆಯನ್ನು) ತಿದ್ದಬೇಕು. ಮೊಬೈಲ್, ವಿದ್ಯುತ್ ತಂತಿ, ಉಪಗ್ರಹಗಳ ಕಿರಿಕಿರಿ ಹೊಕ್ಕ ಕಡೆಯೆಲ್ಲ ದತ್ತಾಂಶ ಕಿತ್ತು ಬಿಸಾಡಬೇಕು. ಬೇಸರದ ಕೆಲಸವೆಂದರೆ ಇದೇ.

ಮಂಕಾದ ಎಳೆಯ ನಕ್ಷತ್ರಗಳಲ್ಲಿ ಇನ್ನೊಂದು ಅಪಾಯ, ಹಿನ್ನೆಲೆಯ ಗ್ಯಾಲಕ್ಸಿಯೊಂದು ಜೆಟ್ಟಿನ ಗಂಟಿನಂತೆ ಸಾಲಿನಲ್ಲಿ ಕೂತಿರುವುದು. ಕಾಯುವುದೇ ದಾರಿ. 450 ಜ್ಯೋತಿರ್ವರ್ಷ ದೂರದಲ್ಲಿ ಸೆಕೆಂಡಿಗೆ 500 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಸಾಗುವ ಗಂಟು ವರ್ಷಕ್ಕೆ ಮುಕ್ಕಾಲು ಆರ್ಕ್‌ಸೆಕೆಂಡ್ ಸರಿಯುತ್ತದೆ. ಹಿನ್ನೆಲೆಯ ಗ್ಯಾಲಕ್ಸಿ ಅಲ್ಲಾಡುವುದಿಲ್ಲ.

ಹಾಗಂತ ಎಳೆಯ ನಕ್ಷತ್ರಗಳಲ್ಲಿ ಸಿಂಕ್ರೊಟ್ರಾನ್ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಧನು ರಾಶಿಯ ಎಚ್‌ಎಚ್ 80-81 ಎಂಬ ಜೆಟ್ಟಿನಲ್ಲಿ ಧ್ರುವೀಕೃತ (ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುವ, ಸಿಂಕ್ರೊಟ್ರಾನಿನ ಗುರುತಾದ) ರೇಡಿಯೊ ಅಲೆ ಸಿಕ್ಕ ವರದಿ 2010ರಲ್ಲಿ ಬಂತು. ಅಮೆರಿಕದ ನ್ಯೂ ಮೆಕ್ಸಿಕೊದ ವಿಎಲ್‌ಎ ರೇಡಿಯೊ ದೂರದರ್ಶಕ 6 ಸೆಂ.ಮೀ. ತರಂಗದೂರದಲ್ಲಿ ಅದನ್ನು ಹಿಡಿದಿತ್ತು. ಧ್ರುವೀಕರಣ ಸಿಕ್ಕರೆ ಕಾಂತಕ್ಷೇತ್ರದ ದಿಕ್ಕೇ ಕೈಗೆ ಸಿಕ್ಕಂತೆ. 2014ರಲ್ಲಿ ವೃಷಭ ರಾಶಿಯ ಡಿಜಿ ಟೌ ನಕ್ಷತ್ರದ ಸುತ್ತ ಸಿಂಕ್ರೊಟ್ರಾನ್ ಹೊಳಪು ಕಂಡದ್ದು ಜಿಎಂಆರ್‌ಟಿಯ ಕಡಿಮೆ ಕಂಪನಾಂಕಗಳಲ್ಲಿ. ನಿಮ್ಮ ಬರಹದಲ್ಲಿ ಇದಕ್ಕೆ ಒಂದು ಸಾಲು ಸಿಗಬೇಕಿತ್ತು. ಸಿಗ್ನಸ್ ಎ ಗ್ಯಾಲಕ್ಸಿಯ ರೇಡಿಯೊ ಹೊಳಪು ಎರಡು ಹೋಳಾಗಿದೆ ಎಂದು 1953ರಲ್ಲಿ ತೋರಿಸಿದ ಇಬ್ಬರಲ್ಲಿ ಭಾರತದ ಮೃಣಾಲ್ ಕುಮಾರ್ ದಾಸ್‌ಗುಪ್ತ ಒಬ್ಬರು ಎಂಬುದಕ್ಕೂ.

ಮುಂದಿನ ಬಾರಿ ಇಂಥ ಚಿತ್ರ ಹಾಕುವಾಗ ಅಡಿಬರಹದಲ್ಲಿ ಕಂಪನಾಂಕ, ಬೀಮಿನ ಅಳತೆ, ದೂರದರ್ಶಕದ ಹೆಸರು ಈ ಮೂರನ್ನು ಕೊಡಿ. ಒಂದೂವರೆ ಸಾಲು ಸಾಕು. ಜಾಗ ಸಾಲದಿದ್ದರೆ ಚಿತ್ರವನ್ನು ಚಿಕ್ಕದು ಮಾಡಿ, ಆ ಮೂಲೆಯನ್ನು ಮಾತ್ರ ಕತ್ತರಿಸಬೇಡಿ.

– ಇಬ್ಬರು ಓದುಗರು, ಬೆಂಗಳೂರು