ಗಾಯಕ್ಕೆ ಎರಡು ಲೆಕ್ಕ ಯಾಕೆ, ಸಾಬ್?

ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ,

ನಮಸ್ಕಾರ ಸಾಬ್. ನೀವು ಗೂರ್ಖಾ ರೈಫಲ್ಸ್‌ನಲ್ಲಿದ್ದು ಬಂದವರು. ನಾನು ಹವಾಲ್ದಾರ್ ಆಗಿ ನಿವೃತ್ತನಾಗಿ ಮಂಗಳೂರಿನಲ್ಲಿ ಇರುವವನು. ಪೀಠಿಕೆ ಬೇಡ, ಪಿಂಚಣಿ ವಿಷಯಕ್ಕೇ ಬರುತ್ತೇನೆ.

ಸಿಪಾಯಿಗೆ 15 ವರ್ಷ, ಅಧಿಕಾರಿಗೆ 20 ವರ್ಷ ಸೇವೆಯಾದರೆ ಪಿಂಚಣಿ. ಗೆರೆ ಎಲ್ಲಾದರೂ ಎಳೆಯಲೇಬೇಕು, ಒಪ್ಪುತ್ತೇನೆ. ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆಂದು ಭರ್ತಿಯಾಗಿ, ಅದನ್ನು ಮುಗಿಸಿ ಗಟ್ಟಿಮುಟ್ಟಾಗಿ ಊರಿಗೆ ಬರುವ ಅಗ್ನಿವೀರನಿಗೂ ಜೀವನಪೂರ್ತಿ ಪಿಂಚಣಿ ಕೊಡಿ ಅಂತ ನಾನು ಕೇಳುವುದಿಲ್ಲ. (ನನ್ನ ಗೆಳೆಯರಲ್ಲೇ ಕೆಲವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.) ಅವನಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅವನದೇ ಸಂಬಳದಿಂದ ಹಿಡಿದದ್ದು, ಆದರೂ ಕೈಗೆ ಬರುವ ದುಡ್ಡು.

ನನ್ನ ತಕರಾರು ಗಾಯಗೊಂಡವರ ಬಗ್ಗೆ. ಗಡಿಯ ಒಂದೇ ಪೋಸ್ಟ್‌ನಲ್ಲಿ ಇಬ್ಬರಿದ್ದಾರೆ ಅಂದುಕೊಳ್ಳಿ. ಒಬ್ಬ ರೆಗ್ಯುಲರ್ ಸಿಪಾಯಿ, ಇನ್ನೊಬ್ಬ ಅಗ್ನಿವೀರ. ಮೈನ್ ಸಿಡಿದು ಇಬ್ಬರ ಕಾಲೂ ಹೋಯಿತು. ಸಿಪಾಯಿ ಸೇರಿ ಎರಡೇ ವರ್ಷವಾಗಿದ್ದರೂ ಸಾಯುವವರೆಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. 15 ವರ್ಷದ ಮಾತೇ ಅಲ್ಲಿಲ್ಲ. ಅಗ್ನಿವೀರನಿಗೆ ಉಳಿದ ಅವಧಿಯ ಸಂಬಳ, ಮತ್ತೆ ಅಂಗವೈಕಲ್ಯದ ಪ್ರಮಾಣ ನೋಡಿ 15, 25 ಇಲ್ಲವೇ 44 ಲಕ್ಷ. ಒಂದೇ ಸಲ, ಅಲ್ಲಿಗೆ ಮುಗಿಯಿತು. ತೀರಿಕೊಂಡರೆ 48 ಲಕ್ಷದ ವಿಮೆ, 44 ಲಕ್ಷ ಪರಿಹಾರ ಉಂಟು. ಕುಟುಂಬ ಪಿಂಚಣಿ ಮಾತ್ರ ಇಲ್ಲ.

ಲಕ್ಷಗಳು ಸಣ್ಣ ಮೊತ್ತ ಅಲ್ಲ, ಸರಿ. ಆದರೆ ನನ್ನ ಪಿಂಚಣಿ ಹೇಗಿದೆ ನೋಡಿ. ಜನವರಿ, ಜುಲೈ ಲೆಕ್ಕದಲ್ಲಿ ತುಟ್ಟಿಭತ್ಯೆ ಏರುತ್ತದೆ. ನವೆಂಬರ್‌ನಲ್ಲಿ, ಬದುಕಿದ್ದೇನೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟಿಗೆ ಹೋದರೆ ಮೆಷಿನ್ ನನ್ನ ಹೆಬ್ಬೆರಳನ್ನು ಒಂದೇ ಸಲಕ್ಕೆ ಒಪ್ಪುವುದೇ ಇಲ್ಲ. ಒರೆಸಿ ಒತ್ತಬೇಕು, ಮತ್ತೆ ಒರೆಸಿ ಒತ್ತಬೇಕು. ಸಾಕುಸಾಕಾಗುತ್ತದೆ. ಅದೊಂದು ಆಯಿತೆಂದರೆ ಇಡೀ ವರ್ಷ ಅಕ್ಕಿ, ಮದ್ದಿನ ಚಿಂತೆ ಇಲ್ಲ. 21ನೇ ವಯಸ್ಸಿಗೆ ಕಾಲು ಕಳೆದುಕೊಂಡ ಹುಡುಗನ ಮುಂದೆ ಇನ್ನೂ ನಲವತ್ತು ಐವತ್ತು ವರ್ಷ ಇದೆ. ಕೃತಕ ಕಾಲು ಸವೆಯುತ್ತದೆ, ಬದಲಿಸಬೇಕು. ಮನೆ ಸಾಲ, ತಂಗಿ ಮದುವೆ ಅಂತ ಆ ಲಕ್ಷ ಕರಗಲು ಎಷ್ಟು ದಿನ ಬೇಕು ಹೇಳಿ?

ಭರ್ತಿಯಾದ ಯೋಜನೆ ಯಾವುದು ಅಂತ ನೋಡದೆ, ಗಾಯ ನೋಡಿ ಪಿಂಚಣಿ ಕೊಡಿ ಎಂದು ಲೋಕಸಭೆಯಲ್ಲಿ ನೀವು ಕೇಳಬೇಕು. 2023ರ ಶುರುವಿನಲ್ಲಿ ತರಬೇತಿಗೆ ಸೇರಿದ ಭೂಸೇನೆಯ ಮೊದಲ ಅಗ್ನಿವೀರರ ತಂಡದ ನಾಲ್ಕು ವರ್ಷ 2027ರ ಶುರುವಿಗೆ ತುಂಬುತ್ತದೆ. ಸದ್ಯಕ್ಕೆ ಒಂದು ಲಿಖಿತ ಪ್ರಶ್ನೆಯನ್ನಾದರೂ ಹಾಕಿ: ಗಾಯಗೊಂಡು ಹೊರಬಂದ ಅಗ್ನಿವೀರರು ಎಷ್ಟು ಜನ, ಅವರ ಕೈಗೆ ಸಿಕ್ಕಿದ್ದು ಎಷ್ಟು?

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮಾಜಿ ಹವಾಲ್ದಾರ್
ಮಂಗಳೂರು