ಸೋಪು ನೀರಿನ ರಾತ್ರಿ

ನಿನ್ನೆ ನಮ್ಮ ಫುಡ್ ಟ್ರಕ್ಕಿನ ಲೈಸೆನ್ಸ್ ರಿನ್ಯೂ ಆಯಿತು. ತಪಾಸಣೆಯ ಹಾಳೆಯಲ್ಲಿ ಈ ಸಲ ಒಂದೂ ತಕರಾರಿಲ್ಲ. ಫೋಟೋ ಹಾಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕೆ ಮೊದಲು ಕೆಲವರ ಋಣ ಬಾಕಿ ಇದೆ. ದುಡ್ಡಿನದಲ್ಲ, ಆ ಪಟ್ಟಿ ಬೇರೆ.

ಮೊದಲ ತಪಾಸಣೆಯಲ್ಲಿ ಫೇಲ್ ಆದ ಕಥೆ ನಿಮಗೆಲ್ಲ ಬಾಯಿಪಾಠ. ಫ್ರಿಜ್ಜಿನ ಬಾಗಿಲು 4 ಡಿಗ್ರಿ ಅಂತ ತೋರಿಸುತ್ತಿತ್ತು, ಇನ್ಸ್‌ಪೆಕ್ಟರ್ ಒಳಗಿಟ್ಟ ಥರ್ಮಾಮೀಟರ್ 9 ಅಂದಿತು. 5ರಿಂದ 60 ಡಿಗ್ರಿ ನಡುವೆ ಅಡುಗೆ ಸುಮ್ನೆ ಕೂತರೆ ಕಣ್ಣಿಗೆ ಕಾಣದ ಕ್ರಿಮಿಗಳು ಅದರಲ್ಲಿ ಸಂಸಾರ ಹೂಡುತ್ತವೆ ಅಂತ ಅವತ್ತು ಕಲಿತೆ. ಅಲ್ಲಿಗೆ ಆ ಕಥೆ ಬಿಡಿ.

ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ಅತ್ತಿಗೆಗೆ, ವಾಹನದ ವಿಮೆ ಒಳಗಿನ ಒಲೆಗೆ ಅನ್ವಯಿಸುವುದಿಲ್ಲ ಅನ್ನೋ ಸಣ್ಣ ಅಕ್ಷರದ ಸಾಲು ಹುಡುಕಿಕೊಟ್ಟ ಗೆಳತಿಗೆ, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಲು ತಮ್ಮ ಅಡುಗೆಮನೆ ಬಿಟ್ಟುಕೊಟ್ಟವರಿಗೆ, ಕೈ ತೊಳೆಯಲು ಬೇರೆಯೇ ಸಿಂಕ್ ಕೂರಿಸಿಕೊಟ್ಟ ಭಾವನಿಗೆ ವಂದನೆ. ನೀವ್ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಉಳಿದ ಜಾಗವೆಲ್ಲ ಅಣ್ಣನಿಗೆ.

ಅಣ್ಣ ಅಂದರೆ ಒಡಹುಟ್ಟಿದವರಲ್ಲ. ಗ್ಯಾಸ್ ಫಿಟ್ಟಿಂಗ್ ಕೆಲಸದಲ್ಲೇ ಕೂದಲು ಹಣ್ಣಾದವರು. ಎರಡನೇ ತಪಾಸಣೆಯ ಹಿಂದಿನ ರಾತ್ರಿ 11 ಗಂಟೆಗೆ ಗಾಡಿಯೊಳಗೆ ಸಣ್ಣಗೆ ವಾಸನೆ ಬಂತು. ಕೆಳಗಿಳಿದು ಫೋನ್ ಮಾಡಿದೆ. ನಮಸ್ಕಾರವೂ ಇಲ್ಲ. 'ಸ್ವಿಚ್ ಮುಟ್ಟಿದೆಯಾ? ಹಾಕಿದ ಲೈಟ್ ಆರಿಸಲೂಬೇಡ. ಹೊರಗಿಂದ ಸಿಲಿಂಡರ್ ಬಂದ್ ಮಾಡಿ ದೂರ ನಿಲ್ಲು, ಬಂದೆ' ಅಂದರು.

ಬಂದವರು ಒಳಗೆ ಹೋಗಲು ಅವಸರ ಮಾಡಲಿಲ್ಲ. ಬಾಗಿಲು ಪೂರ್ತಿ ತೆಗೆಸಿ ಗಾಳಿಯಾಡಲು ಬಿಟ್ಟರು. ಆಮೇಲೆ ಹತ್ತಿ, ಸೀಲಿಂಗ್ ಹತ್ತಿರ ನಾನು ಕೂರಿಸಿದ್ದ ಗ್ಯಾಸ್ ಅಲಾರಂ ನೋಡಿದರು. ಹೊಸದು. ಆ ರಾತ್ರಿ ಅದು ಒಂದು ಸಲವೂ ಕೂಗಿರಲಿಲ್ಲ. 'ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ ಮಗಳೇ. ನೀರಿನ ಹಾಗೆ ಕೆಳಗೆ ಹೋಗಿ ನಿಲ್ಲುತ್ತೆ' ಅಂದು, ಕಾಲಿನಿಂದ ನೆಲದ ಪಕ್ಕ ಜಾಗ ತೋರಿಸಿದರು. 'ಅದು ಇರಬೇಕಾದ್ದು ಇಲ್ಲಿ.' ಅಲ್ಲೇ ಪಕ್ಕದಲ್ಲಿ ಗ್ಯಾಸ್ ಹೊರಗೆ ಹೋಗಲಿ ಅಂತ ಬಿಟ್ಟಿದ್ದ ಕಿಂಡಿ. ಧೂಳು ಬರುತ್ತೆ ಅಂತ ನಾನೇ ಅದಕ್ಕೆ ರಟ್ಟು ಬಡಿದಿದ್ದೆ.

ಬಟ್ಟಲಲ್ಲಿ ಸೋಪು ನೀರು ಕಲಸಿ, ಒಂದು ಹಳೇ ಬ್ರಶ್ ಕೈಗೆ ಕೊಟ್ಟರು. ಒಲೆಗಳೆಲ್ಲ ಬಂದ್. ಸಿಲಿಂಡರ್ ಮಾತ್ರ ಮತ್ತೆ ತೆಗೆದರು. ಒಟ್ಟು 14 ಜಾಯಿಂಟ್. ಒಂದೊಂದಕ್ಕೂ ನೊರೆ ಹಚ್ಚಿ, ಟಾರ್ಚ್ ಹಿಡಿದು ಕಾಯಬೇಕು. ಒಂಬತ್ತನೆಯದರಲ್ಲಿ, ಒಲೆಯ ಹಿಂದೆ ಪೈಪ್ ಬಾಗುವ ಕಡೆ, ಸಾಸಿವೆಯಷ್ಟು ಗುಳ್ಳೆಗಳು ಎದ್ದವು. ಮನೆಯ ಒಲೆ ಇಟ್ಟ ಕಡೆ ಇರುತ್ತದೆ, ಇದು ದಿನಾ ರಸ್ತೆಯಲ್ಲಿ ಕುಲುಕುತ್ತದೆ. ಬಿಗಿಮಾಡಿದ್ದು ಸಡಿಲವಾಗಿತ್ತು, ಪೈಪೂ ಅಲ್ಲೇ ಬಿರುಕು ಬಿಟ್ಟಿತ್ತು.

ಆಗ ನಾನು ಹೇಳಿದ ಮಾತು ಬರೆಯಲು ನಾಚಿಕೆಯಾಗುತ್ತದೆ. 'ಅಣ್ಣ, ಬೆಳಿಗ್ಗೆ ತಪಾಸಣೆ ಒಂದು ಮುಗಿದುಬಿಡಲಿ. ಅವರು ನೋಡುವಾಗ ಸಿಲಿಂಡರ್ ಬಂದ್ ಇರುತ್ತಲ್ವಾ?'

ಅವರು ಬೈಯಲಿಲ್ಲ. 'ನಾಳೆ ಒಲೆ ಮುಂದೆ ನಿಲ್ಲೋದು ಯಾರು?' ಅಂತ ಮಾತ್ರ ಕೇಳಿದರು.

ನನ್ನ ತಮ್ಮ. ಅವನಿಗಿನ್ನೂ ಇಪ್ಪತ್ತು ತುಂಬಿಲ್ಲ.

ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಎರಡು ತಿಂಗಳು ನಿಂತ ಗಾಡಿ, ಕಟ್ಟದ ಕಂತು, ಎಲ್ಲ ಒಟ್ಟಿಗೇ ಹೊರಗೆ ಬಂತು. ಸಮಾಧಾನ ಮಾಡುವುದು ಅಣ್ಣನಿಗೆ ಬರುವುದಿಲ್ಲ. ಅತ್ತು ಮುಗಿಯಲು ಬಿಟ್ಟು, ಬ್ರಶ್ ಮತ್ತೆ ಕೈಗೆ ಕೊಟ್ಟರು. 'ಇನ್ನೂ ಐದು ಇದೆ' ಅಂದರು.

ಐದೂ ಸರಿಯಿದ್ದವು. ಸಿಲಿಂಡರ್ ಬಿಚ್ಚಿಟ್ಟರು, ನಾನು ರಟ್ಟು ಕಿತ್ತೆ. ಮನೆಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಅಣ್ಣನೂ ಹೋಗಲಿಲ್ಲ. ಗಾಡಿಯ ಪಕ್ಕ ಬಕೆಟ್ ಬೋರಲು ಹಾಕಿಕೊಂಡು ಬೆಳಗಾಗುವವರೆಗೆ ಕೂತರು. ಉರಿಯುವ ಎಣ್ಣೆಗೆ ನೀರು ಹಾಕಿದರೆ ಬೆಂಕಿ ಹೇಗೆ ಸಿಡಿಯುತ್ತದೆ, ಆ ಬೆಂಕಿ ಆರಿಸಲು ಯಾಕೆ ಬೇರೆಯೇ ಥರದ ಅಗ್ನಿಶಾಮಕ ಸಿಲಿಂಡರ್ ಬೇಕು ಅಂತೆಲ್ಲ ಹೇಳಿದರು. ಅವರ ಮೊಣಕೈವರೆಗೆ ಹಳೇ ಸುಟ್ಟ ಕಲೆ ಇದೆ. ಅದರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಳಿಗ್ಗೆ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆರು ದಿನ ಮುಂದಕ್ಕೆ ಹಾಕಿದರು. ಬಂದ ದಿನ ಮೊದಲು ಬಗ್ಗಿ ನೋಡಿದ್ದು ಆ ಕಿಂಡಿಯನ್ನೇ. ನಿಮಗೂ ಥ್ಯಾಂಕ್ಸ್ ಸರ್, ಆಗ ಎಷ್ಟು ಶಪಿಸಿದ್ದೆನೋ ಅಷ್ಟೇ.

ಈಗ ವಾರಕ್ಕೊಮ್ಮೆ 14 ಜಾಯಿಂಟಿಗೂ ನೊರೆ ಹಚ್ಚುವುದು ತಮ್ಮನ ಕೆಲಸ. ದಿನಾಂಕ ಬರೆದು ಸಹಿ ಹಾಕುತ್ತಾನೆ. ಒಂಬತ್ತನೆಯದನ್ನು ನಾನು ಇನ್ನೊಂದು ಸಲ ನೋಡುತ್ತೇನೆ, ಅವನಿಗೆ ಅದು ಸಿಟ್ಟು.

ಅಣ್ಣ, ಆ ಬ್ರಶ್ ಎಲ್ಲಿ ಹೋಯಿತು ಅಂತ ಹೋದ ತಿಂಗಳು ಕೇಳಿದಿರಲ್ಲ. ನಮ್ಮ ಹತ್ತಿರವೇ ಇದೆ. ಹೊಸದು ತಂದುಕೊಡುತ್ತೇನೆ, ಅದನ್ನು ಮಾತ್ರ ಕೇಳಬೇಡಿ.